ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ, ಮೊದಲು ಪಂಪ್ ನೋಡಿ

ಹೋದ ಸಂಚಿಕೆಯಲ್ಲಿ ರೋಟರಿ ಎಂಜಿನ್ ಬಗ್ಗೆ ಸಣ್ಣದೊಂದು ಉತ್ತರ ಬರೆದಿದ್ದೆ. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ತ್ರಿಕೋನದ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ, ಅದೇ ವ್ಯಾಂಕೆಲ್ ಎಂಜಿನ್. ಮಜ್ದಾ ಕಂಪನಿ ಆರ್‌ಎಕ್ಸ್-7 ಕಾರಿಗೆ ಹಾಕುತ್ತಿದ್ದ 13ಬಿ ಎಂಜಿನ್ನನ್ನು ಅಮೆರಿಕದಲ್ಲಿ ಕೆಲವರು ತಾವೇ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕೂರಿಸುತ್ತಾರೆ ಅಂತ ಕೊನೆಗೊಂದು ಸಾಲು ಸೇರಿಸಿದ್ದೆ. ಪತ್ರಗಳೆಲ್ಲ ಬಂದಿದ್ದು ಆ ಸಾಲಿಗೇ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಷ್ಟು ಜನರಿಗೆ ಈ ಹುಚ್ಚು ಇದೆ ಅಂತ ಯಾರಿಗೆ ಗೊತ್ತಿತ್ತು? ಆದ್ದರಿಂದ ಈ ಸಲ ಪೂರ್ತಿ ಅದೇ. ಬೋರ್‌ವೆಲ್ ಮೋಟಾರ್ ಸುಟ್ಟವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಿ.

ಪ್ರಶ್ನೆ: ನಮಸ್ಕಾರ ಸರ್. ಬಳ್ಳಾರಿಯಲ್ಲಿ ಇಂಜೆಕ್ಷನ್ ಗಾಡಿಗಳ ರಿಪೇರಿ ಮಾಡುತ್ತೇನೆ. ನಮ್ಮ ಅಕ್ಕನ ಮಗ ಟೆಕ್ಸಾಸ್‌ನಲ್ಲಿ ಎರಡು ಸೀಟಿನ ವಿಮಾನ ಕಟ್ಟಿ 13ಬಿ ಹಾಕಿದ್ದಾನೆ. ನೆಲದ ಮೇಲೆ ಕಟ್ಟಿಹಾಕಿ ಓಡಿಸಿದರೆ ಎಂಜಿನ್ ಬೆಣ್ಣೆಯಂತೆ ಓಡುತ್ತದೆ. ಮೇಲೆ ಹೋಗಿ ಥ್ರಾಟಲ್ ಸ್ವಲ್ಪ ಇಳಿಸಿದರೆ ಸಾಕು, ಉಬ್ಬಿ-ಇಳಿದು ಜಗ್ಗುತ್ತದೆ. ಇಳಿಯುವಾಗಲೂ ಒಂದೆರಡು ಸಲ ಕೆಮ್ಮುತ್ತದೆ. ವಾಟ್ಸಾಪ್‌ನಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಟೇಬಲ್ ಕಳಿಸಿ "ಮಾವ, ನೋಡು" ಅಂತಾನೆ. ನನಗೆ ಕಾರಿನ ಟೇಬಲ್ ಗೊತ್ತು, ವಿಮಾನದ್ದು ಗೊತ್ತಿಲ್ಲ.

ಉತ್ತರ: ನಿಮ್ಮ ಅಳಿಯನಿಗೆ ಮೊದಲು ಹೇಳಿ, ಟೇಬಲ್ ಮುಟ್ಟಬೇಡ ಅಂತ. ಆಮೇಲೆ ಮಿಕ್ಕಿದ್ದು. ಹೊಸಬರಿಗೆ ಒಂದು ಮಾತು: ಟೇಬಲ್ ಅಂದರೆ ಯಾವ ಆರ್‌ಪಿಎಂ, ಯಾವ ಒತ್ತಡಕ್ಕೆ ಎಷ್ಟು ಪೆಟ್ರೋಲ್ ಅಂತ ಇಸಿಯು ನೋಡಿಕೊಳ್ಳುವ, ಮನೆ ಮನೆ ಇರುವ ಪಟ್ಟಿ. ಅದನ್ನು ಲ್ಯಾಪ್‌ಟಾಪ್‌ನಿಂದ ತಿದ್ದುತ್ತಾರೆ.

ಕಾರನ್ನು ನೀವು ರಸ್ತೆಯಲ್ಲಿ ಓಡಿಸಿದರೆ ಟೇಬಲ್‌ನ ಹೆಚ್ಚುಕಡಿಮೆ ಎಲ್ಲ ಮನೆಗೂ ಎಂಜಿನ್ ಹೋಗಿ ಬರುತ್ತದೆ, ಯಾಕೆಂದರೆ ಗೇರ್ ಇದೆ, ಏರು ಇದೆ, ಇಳಿಜಾರು ಇದೆ. ವಿಮಾನದಲ್ಲಿ ಗೇರ್ ಬದಲಿಸುವ ಮಾತಿಲ್ಲ. ನೆಲದ ಮೇಲೆ ನಿಂತಾಗ ಪ್ರೊಪೆಲ್ಲರ್ ಒಂದೇ ಹೊರೆ. ಇಷ್ಟು ಆರ್‌ಪಿಎಂಗೆ ಇಷ್ಟು ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒತ್ತಡ ಅಂತ ಒಂದೇ ಗೆರೆ ಬೀಳುತ್ತದೆ. ಟೇಬಲ್‌ನಲ್ಲಿ ಇನ್ನೂರು ಮನೆ ಇದ್ದರೂ ಆ ಗೆರೆ ಹಾದು ಹೋಗುವುದು ಹತ್ತು-ಹದಿನೈದು ಮನೆಗಳ ಮೇಲೆ ಮಾತ್ರ. ನಿಮ್ಮ ಅಳಿಯ ಅಷ್ಟನ್ನು ಚೆಂದಾಗಿ ಹೊಂದಿಸಿದ್ದಾನೆ, ಅದಕ್ಕೇ ನೆಲದ ಮೇಲೆ ಬೆಣ್ಣೆ.

ಹಾರಿದ ಮೇಲೆ ಏನಾಗುತ್ತದೆ? ಗಾಳಿ ಮುಂದಿನಿಂದ ಬರುತ್ತಿರುವುದರಿಂದ ಪ್ರೊಪೆಲ್ಲರ್ ಹೊರೆ ಹಗುರಾಗುತ್ತದೆ. ನೆಲದಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ 5000ಕ್ಕೆ ನಿಲ್ಲುತ್ತಿದ್ದ ಎಂಜಿನ್ ಅಲ್ಲಿ 6000 ಮುಟ್ಟಬಹುದು. ಆ ಮನೆಗೆ ಅದು ಹಿಂದೆ ಯಾವತ್ತೂ ಹೋಗಿಲ್ಲ. ಇಳಿಯುವಾಗ ಇನ್ನೂ ಮಜಾ. ಥ್ರಾಟಲ್ ಮುಚ್ಚಿದ್ದರೂ ಗಾಳಿಯೇ ಪ್ರೊಪೆಲ್ಲರ್ ತಿರುಗಿಸುತ್ತಿರುತ್ತದೆ, ಆರ್‌ಪಿಎಂ ಜಾಸ್ತಿ, ಮ್ಯಾನಿಫೋಲ್ಡ್ ಒತ್ತಡ ತೀರಾ ಕಡಿಮೆ. ನೆಲದ ಮೇಲೆ ಈ ಜೋಡಿ ಸಿಗುವುದೇ ಇಲ್ಲ. ಅಲ್ಲಿರುವ ಅಂಕಿ ಯಾರದೋ ಕಾರಿನ ಫೈಲ್‌ನಿಂದ ಬಂದದ್ದು, ಇಲ್ಲವೇ ಅಂದಾಜಿಗೆ ತುಂಬಿದ್ದು. ಕೆಮ್ಮು ಬರುತ್ತಿರುವುದು ಅಲ್ಲಿಂದ.

ಥ್ರಾಟಲ್ ಸ್ವಲ್ಪ ಇಳಿಸಿದಾಗ ಜಗ್ಗುವುದು ಬೇರೆ ಕಾಯಿಲೆ ಇರಬಹುದು. 13ಬಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನಾಲ್ಕು. ಎರಡು ಪ್ರೈಮರಿ, ಎರಡು ಸೆಕೆಂಡರಿ. ಹೊರೆ ಕಡಿಮೆ ಇದ್ದಾಗ ಪ್ರೈಮರಿ ಎರಡೇ ಕೆಲಸ ಮಾಡುತ್ತವೆ, ಒಂದು ಹಂತ ದಾಟಿದ ಮೇಲೆ ನಾಲ್ಕೂ ಶುರುವಾಗುತ್ತವೆ. ಈ ಹಂತ ಕ್ರೂಸ್‌ನ (ಮೇಲೆ ಸಮನಾಗಿ ಹಾರುತ್ತಿರುವಾಗಿನ) ಒತ್ತಡದ ಹತ್ತಿರವೇ ಇದ್ದರೆ ಎಂಜಿನ್ ಅತ್ತ ಇತ್ತ ದಾಟುತ್ತಲೇ ಇರುತ್ತದೆ. ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ತಕ್ಷಣ ಅದು ತೆರೆಯುವುದಿಲ್ಲ, ಸುಮಾರು 1 ಮಿಲಿಸೆಕೆಂಡ್ ಹೋಗುತ್ತದೆ. ಅದನ್ನು ಡೆಡ್ ಟೈಮ್ ಅಂತಾರೆ, ನಿಮಗೆ ಗೊತ್ತೇ ಇದೆ. ಇಸಿಯುಗೆ ಅದನ್ನು 0.3 ಮಿಲಿಸೆಕೆಂಡ್ ಕಡಿಮೆ ಬರೆದಿದ್ದೀರಿ ಅಂತ ಇಟ್ಟುಕೊಳ್ಳಿ. ಎರಡೇ ಇಂಜೆಕ್ಟರ್ 6 ಮಿಲಿಸೆಕೆಂಡ್ ತೆರೆದಿದ್ದಾಗ ತಪ್ಪು ಶೇ 5. ನಾಲ್ಕೂ ಸೇರಿ 3 ಮಿಲಿಸೆಕೆಂಡ್ ತೆರೆದಾಗ ಅದೇ ತಪ್ಪು ಶೇ 10. ದಾಟಿದ ಕ್ಷಣವೇ ಮಿಕ್ಸ್ಚರ್ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು) ಕಡೆ ಜಾರುತ್ತದೆ, ಎಂಜಿನ್ ಸೊರಗುತ್ತದೆ, ಒತ್ತಡ ಬದಲಾಗುತ್ತದೆ, ಮತ್ತೆ ಎರಡಕ್ಕೆ ಇಳಿಯುತ್ತದೆ. ಇದೇ ನಿಮ್ಮ ಉಬ್ಬು-ಇಳಿತ. ಟೇಬಲ್‌ನಲ್ಲಿ ಎಷ್ಟು ಗೀಚಿದರೂ ಇದು ಹೋಗುವುದಿಲ್ಲ. ಒಂದು ಮನೆ ಸರಿ ಮಾಡಿದರೆ ಪಕ್ಕದ್ದು ಕೆಡುತ್ತದೆ. ಡೆಡ್ ಟೈಮ್ ಸರಿ ಮಾಡಿ, ದಾಟುವ ಹಂತವನ್ನು ಕ್ರೂಸ್‌ಗಿಂತ ಚೆನ್ನಾಗಿ ಕೆಳಗೆ ಇಳಿಸಿ. ಟೇಕಾಫ್‌ಗೆ ಮುಂಚೆಯೇ ನಾಲ್ಕೂ ಓಡುತ್ತಿರಬೇಕು, ಓಡುತ್ತಿವೆ ಅಂತ ನೋಡಿಯೇ ಹೊರಡಬೇಕು.

ಮಿಕ್ಕ ಮನೆಗಳನ್ನು ತುಂಬುವ ಕ್ರಮ ಹೀಗಿರಲಿ. ಯಾವತ್ತೂ ಹೋಗದ ಮನೆಗಳಿಗೆಲ್ಲ ಮೊದಲೇ ಅಂದಾಜಿಗಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ತುಂಬಿಡಲಿ. ಅಕ್ಕಪಕ್ಕದ ಮನೆಗಳ ನಡುವೆ ಹಳ್ಳ-ದಿಣ್ಣೆ ಇರಬಾರದು. ರನ್‌ವೇ ಮೇಲೆಯೇ ಎತ್ತರಕ್ಕೆ ಹೋಗಿ, ಎಂಜಿನ್ ನಿಂತರೂ ತೇಲಿಕೊಂಡು ಇಳಿಯುವಷ್ಟು ಎತ್ತರದಲ್ಲಿ, ಒಂದೊಂದು ಥ್ರಾಟಲ್ ಮಟ್ಟ ಹಿಡಿದು ಅರ್ಧ ನಿಮಿಷ ಲಾಗ್ ಮಾಡಲಿ. ಇಳಿದ ಮೇಲೆ ಟೀ ಕುಡಿಯುತ್ತಾ ಬದಲಾಯಿಸಲಿ. ಹಾರುತ್ತಾ ಒಬ್ಬನೇ ಲ್ಯಾಪ್‌ಟಾಪ್ ನೋಡುವುದು ಮಾತ್ರ ಬೇಡವೇ ಬೇಡ. ಅಮೆರಿಕದಲ್ಲಿ ಇಂಥ ಕಾರ್ ಎಂಜಿನ್ ಹಾಕಿದ ವಿಮಾನಕ್ಕೆ ಸಾಮಾನ್ಯವಾಗಿ ಮೊದಲ 40 ಗಂಟೆ ಪರೀಕ್ಷೆಯ ಹಾರಾಟ, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಆ 40 ಗಂಟೆ ಇರುವುದೇ ಇಂಥ ಕೆಲಸಕ್ಕೆ. ಅದನ್ನು ಬೇಗ ಮುಗಿಸಬೇಕು ಅನ್ನೋ ಅವಸರ ಏಕೆ?

ಪ್ರಶ್ನೆ: ಸರ್, ನಾನು ರಾಯಚೂರಿನಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಓದುತ್ತಿದ್ದೇನೆ. 13ಬಿ 1.3 ಲೀಟರ್ ಎಂಜಿನ್ ಅಂತ ಎಲ್ಲ ಕಡೆ ಇದೆ. ಆದರೆ ಇಸಿಯುಗೆ 2.6 ಲೀಟರ್ ಅಂತ ಕೊಡಬೇಕು ಅಂತಾರೆ. ಯಾವುದು ನಿಜ? ನಮ್ಮ ಲೆಕ್ಚರರ್ ಹತ್ತಿರ ಕೇಳಿದೆ, ಪರೀಕ್ಷೆಗೆ ಬರಲ್ಲ ಬಿಡಮ್ಮ ಅಂದರು.

ಉತ್ತರ: ಎರಡೂ ನಿಜ, ತಂಗಿ. ಪರೀಕ್ಷೆಗೆ ಬರದಿದ್ದರೂ ಲೆಕ್ಕ ಮಾಡಿಯೇ ಬಿಡೋಣ.

13ಬಿಯಲ್ಲಿ ಎರಡು ರೋಟರ್. ರೋಟರಿನ ಒಂದೊಂದು ಮುಖ ಒಂದು ಸಲಕ್ಕೆ 654 ಸಿಸಿ ಗಾಳಿ ಎಳೆಯುತ್ತದೆ. ಎರಡು ರೋಟರಿಗೆ 1308. ಕಾರಿನ ಕಂಪನಿ ಹೇಳುವ 1.3 ಲೀಟರ್ ಅದೇ. ಆದರೆ ಶಾಫ್ಟ್ ಮೂರು ಸುತ್ತು ತಿರುಗಿದರೆ ರೋಟರ್ ಒಂದು ಸುತ್ತು, ರೋಟರಿಗೆ ಮೂರು ಮುಖ. ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಂದು ಸಲ ಗಾಳಿ ಎಳೆಯುತ್ತದೆ, ಒಂದು ಸಲ ಉರಿಯುತ್ತದೆ. ನಾವು ದಿನಾ ನೋಡುವ ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್ ತನ್ನ ಪೂರ್ತಿ ಸಿಸಿ ಎಳೆಯಲು ಎರಡು ಸುತ್ತು ಬೇಕು. ಇಸಿಯು ಬರೆದವರ ಲೆಕ್ಕ ಅದೇ ಎರಡು ಸುತ್ತಿನದು. ಎರಡು ಸುತ್ತಿಗೆ ನಮ್ಮ ರೋಟರಿ ಎಳೆಯುವುದು 2616 ಸಿಸಿ. ಆದ್ದರಿಂದ ಇಸಿಯು ಮುಂದೆ ಅದು 2.6 ಲೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್.

ಈಗ ಪೆಟ್ರೋಲ್. 40 ಡಿಗ್ರಿ ಬಿಸಿಯ, 100 ಕಿಲೋಪಾಸ್ಕಲ್ ಒತ್ತಡದ ಗಾಳಿ ಲೀಟರಿಗೆ ಸುಮಾರು 1.11 ಗ್ರಾಂ ತೂಗುತ್ತದೆ. ಒಂದು ಸುತ್ತಿಗೆ 1.308 ಲೀಟರ್ ಅಂದರೆ 1.46 ಗ್ರಾಂ ಗಾಳಿ. ಪೂರ್ತಿ ಪವರ್‌ನಲ್ಲಿ 12.5 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಅಂದುಕೊಂಡರೆ 0.117 ಗ್ರಾಂ, ಅಂದರೆ ಹತ್ತಿರ ಹತ್ತಿರ 0.157 ಸಿಸಿ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 940 ಸಿಸಿ, ಗಂಟೆಗೆ 56 ಲೀಟರ್. ನಿಮಿಷಕ್ಕೆ 460 ಸಿಸಿ ಬಿಡುವ ಇಂಜೆಕ್ಟರ್ ನಾಲ್ಕು ಇದ್ದರೆ ಪ್ರತಿಯೊಂದೂ 5.1 ಮಿಲಿಸೆಕೆಂಡ್ ತೆರೆದಿರಬೇಕು, ಡೆಡ್ ಟೈಮ್ ಸೇರಿ ಸುಮಾರು 6. ಆ ವೇಗದಲ್ಲಿ ಒಂದು ಸುತ್ತಿಗೆ ಸಿಗುವುದು 10 ಮಿಲಿಸೆಕೆಂಡ್. ಆರಾಮ. ಎರಡೇ ಇಂಜೆಕ್ಟರ್ ಇದ್ದರೆ 11 ಬೇಕು, ಇರುವುದು 10! ಇಂಜೆಕ್ಟರ್ ಮುಚ್ಚುವುದೇ ಇಲ್ಲ, ಆದರೂ ಪೆಟ್ರೋಲ್ ಸಾಲುವುದಿಲ್ಲ. ಸೆಕೆಂಡರಿ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ವಾ.

ಒಂದು ಮಾತು. ಇದು ಎಂಜಿನ್ ಪೂರ್ತಿ ಗಾಳಿ ತುಂಬಿಕೊಳ್ಳುತ್ತದೆ ಅಂತ ಹಿಡಿದ ಲೆಕ್ಕ. ನಿಜದಲ್ಲಿ ಎಷ್ಟು ತುಂಬಿಕೊಳ್ಳುತ್ತದೆ ಅನ್ನೋದೇ ಆ ಟೇಬಲ್. ಆದರೆ ಟೇಬಲ್ ಮುಟ್ಟುವ ಮುಂಚೆ ಈ ಲೆಕ್ಕ ಕೈಯಲ್ಲಿ ಮಾಡಿದವರಿಗೂ ಮಾಡದವರಿಗೂ ಬಹಳ ವ್ಯತ್ಯಾಸ ಇದೆ.

ಪ್ರಶ್ನೆ: ಸಂಡೂರಿನ ಮೈನಿಂಗ್ ಗ್ಯಾರೇಜಿನಲ್ಲಿ ಕೆಲಸ ನನ್ನದು. ಹಳೇ 13ಬಿ ಒಂದು ಸಿಕ್ಕಿತು, ಸ್ಟ್ಯಾಂಡ್ ಮಾಡಿ ಪ್ರೊಪೆಲ್ಲರ್ ಹಾಕಿ ಓಡಿಸುತ್ತಿದ್ದೇವೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಮಧ್ಯಾಹ್ನ ಒಂದು ಸಲ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದರೆ ಗರಗರ ಅಂತ ಒದ್ದಾಡುತ್ತದೆ, ಹತ್ತಿದರೂ ಥ್ರಾಟಲ್ ಕೊಟ್ಟರೆ ಸಾಯುತ್ತದೆ. ಹಾಟ್ ಸ್ಟಾರ್ಟ್ ಸೆಟ್ಟಿಂಗ್ ಎಷ್ಟೋ ಸಲ ಬದಲಿಸಿದೆವು. ಬಂಕ್ ಪೆಟ್ರೋಲ್‌ನಿಂದ ಹೀಗಾಗುತ್ತಾ?

ಉತ್ತರ: ಬಂಕ್ ಪೆಟ್ರೋಲ್‌ನದೂ ಒಂದು ಪಾಲಿದೆ, ಆದರೆ ಮೊದಲ ಆರೋಪಿ ನಿಮ್ಮ ಪಂಪ್ ಇಟ್ಟ ಜಾಗ. ಪತ್ರದ ಜತೆ ಕಳಿಸಿದ ಫೋಟೊ ನೋಡಿದೆ. ಪಂಪ್ ಸ್ಟ್ಯಾಂಡಿನ ಮೇಲೆ, ಟ್ಯಾಂಕ್ ನೆಲದಲ್ಲಿ. ನಡುವೆ ಸಣ್ಣ ಪೇಪರ್ ಫಿಲ್ಟರ್. ಹೋಸ್ ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರದಲ್ಲಿ ಹೋಗಿದೆ. ಬಳ್ಳಾರಿ ಜಿಲ್ಲೆಯ ಏಪ್ರಿಲ್ ತಿಂಗಳಲ್ಲಿ ಇದು ಓಡುತ್ತಿರುವುದೇ ದೊಡ್ಡದು.

ಇಂಜೆಕ್ಷನ್ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಕೆಳಗಿನಿಂದ ಪೆಟ್ರೋಲ್ ಎಳೆಯುವಾಗ ಹೋಸ್ ಒಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗುತ್ತದೆ. ಒತ್ತಡ ಕಡಿಮೆಯಾದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಜತೆಗೆ ಕಟ್ಟಿಕೊಂಡ ಫಿಲ್ಟರ್ ಇದ್ದರೆ ಇನ್ನಷ್ಟು. ಪಂಪಿನೊಳಗೆ ಪೆಟ್ರೋಲ್ ಬದಲು ಆವಿ ಬರುತ್ತದೆ, ಗೇಜಿನ ಮುಳ್ಳು ನಡುಗುತ್ತದೆ. ಇಸಿಯುಗೆ ಇದು ಯಾವುದೂ ಗೊತ್ತಿಲ್ಲ. ಅದು 3 ಬಾರ್ ಒತ್ತಡ ಇದೆ ಅಂತ ನಂಬಿ ಇಂಜೆಕ್ಟರ್ ತೆರೆಯುತ್ತಲೇ ಇರುತ್ತದೆ. ಎಂಜಿನ್‌ಗೆ ಹೋಗುತ್ತಿರುವುದು ಅರ್ಧ ಆವಿ. ನೀವು ಲ್ಯಾಪ್‌ಟಾಪ್ ತೆಗೆದು ಪೆಟ್ರೋಲ್ ಜಾಸ್ತಿ ಮಾಡುತ್ತೀರಿ, ಮರುದಿನ ಬೆಳಿಗ್ಗೆ ತಂಪಾದಾಗ ಅದೇ ಸೆಟ್ಟಿಂಗ್‌ಗೆ ಪ್ಲಗ್ ಒದ್ದೆಯಾಗುತ್ತದೆ.

ಪಂಪನ್ನು ಟ್ಯಾಂಕಿಗಿಂತ ಕೆಳಗೆ, ಟ್ಯಾಂಕಿನ ಪಕ್ಕ ಇಡಿ. ಪಂಪಿಗೆ ಮುಂಚೆ ದೊಡ್ಡ ಜಾಳಿಗೆಯ ಫಿಲ್ಟರ್, ಸಣ್ಣ ಕಣ್ಣಿನದು ಪಂಪ್ ಆದ ಮೇಲೆ. ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ನಿಂದ ಉಳಿದ ಪೆಟ್ರೋಲ್ ನೇರ ಟ್ಯಾಂಕಿಗೆ ವಾಪಸ್ ಹೋಗಲಿ. ಇಲ್ಲಿ ವಿಮಾನ ಕಟ್ಟುವವರೂ ಎಡವುತ್ತಾರೆ. ಎರಡು ರೆಕ್ಕೆಯ ಟ್ಯಾಂಕಿಗೆ ರಿಟರ್ನ್ ಲೈನ್ ಎಳೆಯುವ ರೇಜಿಗೆ ಯಾಕೆ ಅಂತ ಎಂಜಿನ್ ಹತ್ತಿರವೇ ಒಂದು ಸಣ್ಣ ಡಬ್ಬಿ ಇಟ್ಟು ಅದಕ್ಕೇ ವಾಪಸ್ ಬಿಡುತ್ತಾರೆ. ಅದೇ ಒಂದೆರಡು ಲೀಟರ್ ಮತ್ತೆ ಮತ್ತೆ ಬಿಸಿ ಎಂಜಿನ್ ಸುತ್ತಿ ಬರುತ್ತಾ ಕೊನೆಗೆ ಕುದಿಯುತ್ತದೆ. ರೋಟರಿ ತನ್ನ ಬಿಸಿಯಲ್ಲಿ ದೊಡ್ಡ ಪಾಲನ್ನು ಸೈಲೆನ್ಸರ್ ಕಡೆಗೇ ಬಿಡುತ್ತದೆ, ಹೊಗೆ 900 ಡಿಗ್ರಿ ದಾಟುವುದು ಅದಕ್ಕೆ ಮಾಮೂಲು. ಹೋಸಿಗೆ ಬೆಂಕಿ ತಡೆಯುವ ಕವಚ ಹಾಕಿ, ಪೈಪ್ ಕಡೆಗೆ ಅಡ್ಡ ತಗಡು ಇಡಿ. ಬಿಸಿಯಲ್ಲಿ ಹಚ್ಚುವ ಮುಂಚೆ ಪಂಪ್ ಒಂದು ನಿಮಿಷ ಸುಮ್ನೆ ಓಡಲಿ, ಬಿಸಿ ಪೆಟ್ರೋಲ್ ಟ್ಯಾಂಕಿಗೆ ಹೋಗಿ ತಂಪಾದದ್ದು ಬರಲಿ.

ಇನ್ನೊಂದು ಕಳ್ಳ ಇದ್ದಾನೆ, ಗಾಳಿಯ ಬಿಸಿ ಅಳೆಯುವ ಸೆನ್ಸರ್. ನೀವು ಅದನ್ನು ಇಂಟೇಕ್ ಮ್ಯಾನಿಫೋಲ್ಡಿನ ಅಲ್ಯೂಮಿನಿಯಂಗೇ ತಿರುಪು ಹಾಕಿದ್ದೀರಿ. ಇಪ್ಪತ್ತು ನಿಮಿಷ ನಿಂತಾಗ ಆ ಲೋಹ ಕಾದು ಸೆನ್ಸರ್ 70 ಡಿಗ್ರಿ ತೋರಿಸುತ್ತದೆ, ಹೊರಗಿನ ಗಾಳಿ ಇರುವುದು 40. ಗಾಳಿ ತೆಳುವಾಗಿದೆ ಅಂತ ನಂಬಿ ಇಸಿಯು ಹತ್ತಿರ ಹತ್ತಿರ ಶೇ 9 ಪೆಟ್ರೋಲ್ ಕಡಿಮೆ ಮಾಡುತ್ತದೆ. ಹತ್ತಿದ ಎಂಜಿನ್ ಥ್ರಾಟಲ್ ಕೊಟ್ಟಾಗ ಸಾಯುವುದಕ್ಕೆ ಅಷ್ಟು ಸಾಕು. ವಿಮಾನದಲ್ಲಾದರೆ ಅದು ಟೇಕಾಫ್ ಹೊತ್ತು, ನೆನಪಿರಲಿ. ಸೆನ್ಸರ್ ಅನ್ನು ಗಾಳಿ ಬರುವ ಫಿಲ್ಟರ್ ಕಡೆಗೆ, ಪ್ಲಾಸ್ಟಿಕ್ ಅಥವಾ ರಬ್ಬರ್ ಭಾಗಕ್ಕೆ ಬದಲಿಸಿ.

ಬಂಕ್ ಪೆಟ್ರೋಲ್‌ಗೆ ಬರೋಣ. ಈಗ ಬರುತ್ತಿರುವುದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಬರೀ ಪೆಟ್ರೋಲ್‌ಗೆ 14.7 ಪಾಲು ಗಾಳಿ ಸರಿಹೊಂದಿದರೆ ಇ20ಗೆ ಸುಮಾರು 13.5. ಹಳೇ ಪೆಟ್ರೋಲ್ ಲೆಕ್ಕದ ಟೇಬಲ್ ಹಾಕಿದ್ದರೆ ಎಂಜಿನ್ ಶೇ 7–8 ಲೀನ್ ಓಡುತ್ತಿರುತ್ತದೆ. ಮೀಟರಿನಲ್ಲಿ ಗಾಳಿ-ಪೆಟ್ರೋಲ್ ಅನುಪಾತ ಓದುವುದು ಬಿಡಿ, ಲ್ಯಾಂಬ್ಡಾ ಓದಿ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಇದೆ ಅನ್ನೋ ಅಂಕಿ. ಯಾವ ಪೆಟ್ರೋಲ್ ಆದರೂ ಲ್ಯಾಂಬ್ಡಾ 1 ಅಂದರೆ ಸರಿಸಮ, ಪೂರ್ತಿ ಪವರ್‌ಗೆ 0.85ರ ಆಸುಪಾಸು. ಜತೆಗೆ ಎಥನಾಲ್ ಹಳೇ ರಬ್ಬರ್ ಹೋಸನ್ನೂ ಕೆಲವು ಟ್ಯಾಂಕ್ ಸೀಲಂಟುಗಳನ್ನೂ ತಿನ್ನುತ್ತದೆ, ನೀರು ಹೀರುತ್ತದೆ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲ್ ಹಾಕಬೇಡಿ.

ಸಂಡೂರಿನ ಕೆಂಪು ಧೂಳಿಗೆ ಗಾಳಿ ಫಿಲ್ಟರ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ, ರೋಟರಿನ ತುದಿಯ ಸೀಲ್ ಅದಿರಿನ ಪುಡಿಗೆ ಸವೆದು ಹೋಗುತ್ತದೆ. ಪ್ರೊಪೆಲ್ಲರ್ ಸುತ್ತ ಬೇಲಿ ಹಾಕಿದ್ದೀರಾ? ಫೋಟೊದಲ್ಲಿ ಕಾಣಲಿಲ್ಲ. ಇವತ್ತೇ ಹಾಕಿ. ಹುಡುಗರು ವಿಡಿಯೊ ಮಾಡಲು ಮುಂದೆ ನಿಲ್ಲುತ್ತಾರೆ.

ಪ್ರಶ್ನೆ: ಸಿಂಧನೂರಿನಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿ ಮಾಡುತ್ತೇನ್ರಿ. ರೋಟರಿಗೂ ನಮ್ಮ ಔಷಧ ಹೊಡೆಯೋ ಪಂಪಿನಂಗ ಪೆಟ್ರೋಲ್‌ನಾಗ 2ಟಿ ಆಯಿಲ್ ಹಾಕತಾರಂತ, ನಿಜ ಏನ್ರಿ? ಹಂಗಾದ್ರ ಇಂಜೆಕ್ಟರ್ ಕಟ್ಟಂಗಿಲ್ಲೇನು?

ಉತ್ತರ: ನಿಜ ನೋಡ್ರಿ. ರೋಟರಿನ ಮೂರು ತುದಿಯಲ್ಲಿ ಸೀಲ್ ಇರುತ್ತವೆ, ಅವು ಗೂಡಿನ ಗೋಡೆಗೆ ಉಜ್ಜಿಕೊಂಡೇ ಓಡುತ್ತವೆ. ಅಲ್ಲಿಗೆ ಎಣ್ಣೆ ಬೇರೆ ದಾರಿಯಲ್ಲಿ ಹೋಗುವುದಿಲ್ಲ. ಕಾರಿನಲ್ಲಿ ಇದಕ್ಕೆ ಅಂತಲೇ ಒಂದು ಸಣ್ಣ ಪಂಪ್ ಎಂಜಿನ್ ಆಯಿಲ್ ಹಾಕುತ್ತದೆ. ವಿಮಾನದವರು ಹಲವರು ಆ ಪಂಪ್ ತೆಗೆದು ಪೆಟ್ರೋಲ್‌ಗೇ 2ಟಿ ಬೆರೆಸುತ್ತಾರೆ, ಲೀಟರಿಗೆ 8 ಎಂಎಲ್‌ನ ಆಸುಪಾಸು, ಅಂದರೆ 40 ಲೀಟರಿಗೆ 320 ಎಂಎಲ್. ನಿಮ್ಮ ಔಷಧದ ಪಂಪಿಗೆ ಹಾಕುವುದಕ್ಕಿಂತ ಎಷ್ಟೋ ಕಡಿಮೆ. ನೂರಕ್ಕೆ ಒಂದು ಪಾಲೂ ಇಲ್ಲದ್ದರಿಂದ ಮಿಕ್ಸ್ಚರ್ ಲೆಕ್ಕಕ್ಕೆ ತೊಂದರೆ ಇಲ್ಲ, ಇಂಜೆಕ್ಟರೂ ಕಟ್ಟುವುದಿಲ್ಲ. ಬೆರೆಸುವುದು ಮರೆತರೆ ಮಾತ್ರ ಕಷ್ಟ. ಅದಕ್ಕೇ ಕೆಲವರು ಪಂಪ್ ತೆಗೆಯದೆ ಬೇರೆ ಡಬ್ಬಿಯಿಂದ ಅದಕ್ಕೆ 2ಟಿಯನ್ನೇ ಕೊಡುತ್ತಾರೆ. ನನ್ನ ಮತ ಅವರಿಗೆ.

ಪ್ರಶ್ನೆ: ವಾಯುಸೇನೆಯಲ್ಲಿ ಎಂಜಿನ್ ಫಿಟರ್ ಆಗಿದ್ದು ನಿವೃತ್ತನಾಗಿ ಕೊಪ್ಪಳದಲ್ಲಿದ್ದೇನೆ. ವಿಮಾನದ 100ಎಲ್‌ಎಲ್ ಪೆಟ್ರೋಲ್‌ನಲ್ಲಿ ಸೀಸ ಇರುತ್ತದೆ, ಹೊಗೆ ನೋಡಿ ಮಿಕ್ಸ್ಚರ್ ಹೇಳುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಅದರಲ್ಲಿ ಬೇಗ ಸಾಯುತ್ತದೆ. ಹಾಗಿದ್ದ ಮೇಲೆ ಇವರು ಯಾವುದನ್ನು ನಂಬಿ ಟ್ಯೂನ್ ಮಾಡುತ್ತಾರೆ? ನಮ್ಮ ಕಾಲದಲ್ಲಿ ಇಜಿಟಿ, ಅಂದರೆ ಎಗ್ಸಾಸ್ಟ್ ಹೊಗೆಯ ಬಿಸಿ ನೋಡುತ್ತಿದ್ದೆವು.

ಉತ್ತರ: ಸರ್, ನಿಮ್ಮಂಥವರು ಪ್ರಶ್ನೆ ಕೇಳಿದರೆ ಉತ್ತರ ಬರೆಯಲು ಸ್ವಲ್ಪ ಭಯ. ಆದರೂ ಬರೆಯುತ್ತೇನೆ.

ರೋಟರಿಗೆ 100 ಆಕ್ಟೇನ್ ಬೇಕಾಗಿಲ್ಲ. ಕಾದು ಕೆಂಪಾಗುವ ಎಗ್ಸಾಸ್ಟ್ ವಾಲ್ವ್ ಅದರಲ್ಲಿಲ್ಲ, ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ 13ಬಿ ಸಾಧಾರಣ ಪೆಟ್ರೋಲ್‌ನಲ್ಲೇ ಸುಖವಾಗಿ ಓಡುತ್ತದೆ. ಆದ್ದರಿಂದ ಸೀಸವಿಲ್ಲದ ಪೆಟ್ರೋಲ್ ಹಾಕಿ, ಹೊಸ ವೈಡ್‌ಬ್ಯಾಂಡ್ ಹಾಕಿ ಟೇಬಲ್ ಮುಗಿಸಿಕೊಳ್ಳುವುದು, ಆಗಲೇ ಪ್ರತಿ ಮಟ್ಟದ ಇಜಿಟಿ ಬರೆದಿಡುವುದು, ಆಮೇಲೆ ಎಲ್ಲಾದರೂ 100ಎಲ್‌ಎಲ್ ತುಂಬಿಸಬೇಕಾಗಿ ಬಂದರೆ ವೈಡ್‌ಬ್ಯಾಂಡ್ ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ಇಜಿಟಿ ನೋಡುವುದು. ನೀವು ಪಿಸ್ಟನ್ ಎಂಜಿನ್‌ನಲ್ಲಿ ನೋಡಿದ ಅಂಕಿಗೂ ಇದರ ಅಂಕಿಗೂ ಹೋಲಿಸಬೇಡಿ, ರೋಟರಿಯದ್ದು ಯಾವಾಗಲೂ ಜಾಸ್ತಿ. ಅಂಕಿಗಿಂತ ಎರಡು ರೋಟರಿನ ನಡುವಿನ ವ್ಯತ್ಯಾಸ ಮುಖ್ಯ. ಇಷ್ಟು ದಿನ ಒಂದೇ ಅಂತರದಲ್ಲಿದ್ದ ಎರಡು ಮುಳ್ಳುಗಳಲ್ಲಿ ಒಂದು ಇದ್ದಕ್ಕಿದ್ದಂತೆ ದೂರ ಸರಿದರೆ ಆ ಕಡೆಯ ಇಂಜೆಕ್ಟರ್ ಕಟ್ಟುತ್ತಿರಬಹುದು. ಮೇಲೆ ಹೋದರೂ ಸಂಶಯ, ಕೆಳಗೆ ಬಂದರೂ ಸಂಶಯ, ಯಾಕೆಂದರೆ ತೀರಾ ಲೀನ್ ಆದಾಗ ಇಜಿಟಿ ಪೀಕ್ ದಾಟಿ ಇಳಿಯುತ್ತದೆ. ಇದು ನಿಮಗೆ ಹೇಳಬೇಕಾಗಿಲ್ಲ, ಬೇರೆ ಓದುಗರಿಗೆ ಬರೆದೆ.

ವೈಡ್‌ಬ್ಯಾಂಡ್ ಬಗ್ಗೆ ಇನ್ನೊಂದು ವಿಷಯ. ಸೀಸ ಇಲ್ಲದಿದ್ದರೂ ಅದು ಸುಳ್ಳು ಹೇಳುವ ಹೊತ್ತಿದೆ. ಅದು ಅಳೆಯುವುದು ಉಳಿದ ಆಮ್ಲಜನಕವನ್ನು. ಒಂದು ಸಲ ಮಿಸ್‌ಫೈರ್ ಆದರೆ ಉರಿಯದ ಗಾಳಿ ಹಾಗೇ ಹೊರಗೆ ಬರುತ್ತದೆ, ಸೆನ್ಸರ್ "ಲೀನ್" ಅನ್ನುತ್ತದೆ, ಅಲ್ಲಿ ಪೆಟ್ರೋಲ್ ಧಾರಾಳವಾಗಿ ಇದ್ದರೂ. ಐಡಲ್‌ನಲ್ಲಿ ರೋಟರಿ ಹಳೇ ಹೊಗೆಯನ್ನೇ ಅಷ್ಟಿಷ್ಟು ಮತ್ತೆ ನುಂಗಿ ಡುಬ್-ಡುಬ್ ಅಂತ ಮಿಸ್ ಮಾಡುವುದು ಇದ್ದದ್ದೇ. ಆ ಹೊತ್ತಿನಲ್ಲಿ ಸೆನ್ಸರ್ ನಂಬಿ ಪೆಟ್ರೋಲ್ ಏರಿಸುತ್ತಾ ಹೋದವರು ಪ್ಲಗ್ ಕಪ್ಪು ಮಾಡಿಕೊಂಡು ಕೂರುತ್ತಾರೆ. ಐಡಲ್ ಅನ್ನು ಕಿವಿಯಿಂದ, ಮ್ಯಾನಿಫೋಲ್ಡ್ ಗೇಜಿನಿಂದ ಹೊಂದಿಸಬೇಕು. ಎರಡು ಪ್ಲಗ್‌ನಲ್ಲಿ ಒಂದನ್ನು ಆಫ್ ಮಾಡಿ ಪರೀಕ್ಷಿಸುವಾಗಲೂ ಇದೇ ಸುಳ್ಳು ಕಾಣುತ್ತದೆ. ಅಂದ ಹಾಗೆ ಒಂದೊಂದು ರೋಟರಿಗೂ ಕೆಳಗಿನದು ಲೀಡಿಂಗ್ ಪ್ಲಗ್, ಮೇಲಿನದು ಟ್ರೇಲಿಂಗ್. ಆ ವೈರ್ ಅದಲುಬದಲಾದರೂ ಎಂಜಿನ್ ಓಡುತ್ತದೆ, ಆದರೆ ನಾಕ್ ಹೊಡೆದು (ಮಿಕ್ಸ್ಚರ್ ಹೊತ್ತಲ್ಲದ ಹೊತ್ತಿಗೆ ಸಿಡಿದು) ಸೀಲ್ ಮುರಿಯಬಹುದು. ಬಣ್ಣದ ಟೇಪ್ ಸುತ್ತಿಡುವುದಕ್ಕೆ ಖರ್ಚೇನು?

ಪ್ರಶ್ನೆ: ಶಕ್ತಿನಗರದಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೇನೆ. ಹಳೇ ವಿಮಾನದ ಎಂಜಿನ್‌ಗೆ ಮ್ಯಾಗ್ನೆಟೊ ಇತ್ತು, ಬ್ಯಾಟರಿ ಸತ್ತರೂ ಓಡುತ್ತಿತ್ತು. ಇಲ್ಲಿ ಪಂಪ್, ಇಂಜೆಕ್ಟರ್, ಕಾಯಿಲ್ ಎಲ್ಲ ಕರೆಂಟ್ ಮೇಲೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋದರೆ ಗತಿ?

ಉತ್ತರ: ಈ ತಿಂಗಳ ಒಳ್ಳೆ ಪ್ರಶ್ನೆ ಇದೇ. ಪಂಪ್, ಕಾಯಿಲ್, ಇಂಜೆಕ್ಟರ್, ಇಸಿಯು ಸೇರಿ 12ರಿಂದ 15 ಆಂಪಿಯರ್ ಎಳೆಯುತ್ತವೆ ಅಂತ ಇಟ್ಟುಕೊಳ್ಳಿ. 18 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ ಒಂದು ಗಂಟೆ ದಾಟಿಸುತ್ತದೆ. ಎರಡು ಬೇಸಿಗೆ ಕಂಡ ಬ್ಯಾಟರಿಯನ್ನು ನೀವು ಅರ್ಧ ಗಂಟೆಗಿಂತ ಹೆಚ್ಚು ನಂಬುತ್ತೀರಾ? ನಾನು ನಂಬುವುದಿಲ್ಲ. ಅದಕ್ಕೇ ತಿಳಿದವರು ಎರಡು ಬ್ಯಾಟರಿ, ಎರಡು ಪಂಪ್, ಎರಡು ಇಸಿಯು ಹಾಕುತ್ತಾರೆ, ಪ್ರೈಮರಿ ಇಂಜೆಕ್ಟರಿಗೂ ಸೆಕೆಂಡರಿಗೂ ಬೇರೆ ಬೇರೆ ಫ್ಯೂಸ್, ಬೇರೆ ಬೇರೆ ಸ್ವಿಚ್. ಎರಡಕ್ಕೂ ಒಂದೇ ಅರ್ತ್ ಬೋಲ್ಟ್ ಕೊಟ್ಟು ಎಲ್ಲ ಎರಡೆರಡಿದೆ ಅಂತ ಬೀಗುವವರೂ ಇದ್ದಾರೆ!

ಟ್ಯೂನಿಂಗ್‌ಗೆ ಸಂಬಂಧಿಸಿದ್ದು ಇನ್ನೊಂದು ಇದೆ. ವೋಲ್ಟೇಜ್ 14ರಿಂದ 11.5ಕ್ಕೆ ಇಳಿದರೆ ಇಂಜೆಕ್ಟರ್ ತೆರೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಡೆಡ್ ಟೈಮ್ ಏರುತ್ತದೆ. ಇಸಿಯುನಲ್ಲಿ ವೋಲ್ಟೇಜಿಗೆ ತಕ್ಕ ತಿದ್ದುಪಡಿ ತುಂಬಿರದಿದ್ದರೆ ಮಿಕ್ಸ್ಚರ್ ಲೀನ್ ಆಗುತ್ತದೆ. ಪಂಪೂ ನಿಧಾನವಾಗುತ್ತದೆ. ಆಲ್ಟರ್ನೇಟರ್ ಸತ್ತ ಹೊತ್ತಿನಲ್ಲೇ ಎಂಜಿನ್ ಕೂಡ ಸೊರಗಿದರೆ ಪೈಲಟ್‌ಗೆ ಎರಡು ಕಾಯಿಲೆ ಒಟ್ಟಿಗೆ ಬಂದಂತೆ ಕಾಣುತ್ತದೆ, ಇರುವುದು ಒಂದೇ. ನೆಲದ ಮೇಲೆಯೇ ಆಲ್ಟರ್ನೇಟರ್ ಫೀಲ್ಡ್ ಆಫ್ ಮಾಡಿ, ಬ್ಯಾಟರಿ ಇಳಿಯುವವರೆಗೆ ಎಂಜಿನ್ ಓಡಿಸಿ, ಲ್ಯಾಂಬ್ಡಾ ಎಲ್ಲಿಗೆ ಹೋಗುತ್ತದೆ ನೋಡಬೇಕು. ಈ ಪರೀಕ್ಷೆ ಮಾಡಿದವರು ಬಹಳ ಕಡಿಮೆ. ಬೋರು ಹೊಡೆಸುವ ಕೆಲಸ, ಅದಕ್ಕೇ.

ಪ್ರಶ್ನೆ: ಗಂಗಾವತಿಯಿಂದ ಬರೆಯುತ್ತಿದ್ದೇನೆ. ಮಗ ಪಿಯುಸಿ ಎರಡನೇ ವರ್ಷ. ವಿಮಾನ ಕಟ್ಟುತ್ತೇನೆ, ರೋಟರಿ ಹಾಕುತ್ತೇನೆ ಅಂತ ಕೂತಿದ್ದಾನೆ. ನಮ್ಮ ದೇಶದಲ್ಲಿ ಇದಕ್ಕೆಲ್ಲ ಅವಕಾಶ ಇದೆಯಾ? ಬೈಯಲಾ, ಬಿಡಲಾ?

ಉತ್ತರ: ಬೈಯಬೇಡಿ ತಾಯಿ. ಅವಕಾಶ ಇದೆ, ದಾರಿ ಉದ್ದ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ 2016ರಲ್ಲಿ ಮೇಕ್ ಇನ್ ಇಂಡಿಯಾ ಮೇಳದಲ್ಲಿ ತೋರಿಸಿದರು, ಡಿಜಿಸಿಎ (ವಿಮಾನಯಾನದ ಸರ್ಕಾರಿ ನಿಯಂತ್ರಕ) ನೋಂದಣಿ ಸಿಕ್ಕಿದ್ದು 2017ರಲ್ಲಿ. ಎಷ್ಟು ವರ್ಷದ ಓಡಾಟ ಅಂತ ಮಗನೇ ಓದಿಕೊಳ್ಳಲಿ. ರೋಟರಿ ಕೂಡ ನಮಗೆ ಹೊಸದಲ್ಲ. ನಿಶಾಂತ್ ಅನ್ನುವ ಪೈಲಟ್ ಇಲ್ಲದ ವಿಮಾನಕ್ಕೆ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್ ಇಲ್ಲೇ ಮಾಡಿ 2009ರಲ್ಲಿ ಕೋಲಾರದಲ್ಲಿ ಹಾರಿಸಿದ್ದಾರೆ, ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್ ಅದರಲ್ಲಿ ಪಾಲುದಾರ. ಈ ವರ್ಷ ಪರೀಕ್ಷೆ ಬರೆಯಲಿ. ರಜೆಯಲ್ಲಿ ಒಳ್ಳೆ ಇಂಜೆಕ್ಷನ್ ಮೆಕ್ಯಾನಿಕ್ ಹತ್ತಿರ ಬಿಡಿ, ಒಂದು ಹಳೇ ಬೈಕಿನ ಪಂಪ್ ಬಿಚ್ಚಿ ಒತ್ತಡ ಅಳೆದು ಜೋಡಿಸಿ ತೋರಿಸಲಿ. ಡಿಜಿಸಿಎ ಅನುಮತಿ ಇಲ್ಲದೆ ಹೊಲದಲ್ಲಿ ಹಾರಿಸಿ ವಿಡಿಯೊ ಹಾಕುವ ಹುಡುಗರ ಸಹವಾಸ ಮಾತ್ರ ಬೇಡ.

ಪ್ರಶ್ನೆ: ಸಿರುಗುಪ್ಪ. ಬೇಸಿಗೆಯಲ್ಲಿ ಪವರ್ ಕಡಿಮೆಯಾಗುತ್ತೆ ಅಲ್ವಾ ಸರ್, ಟರ್ಬೊ ಹಾಕಿದರೆ ಹೇಗೆ?

ಉತ್ತರ: ಪವರ್ ಕಡಿಮೆಯಾಗುವುದು ನಿಜ. ಬಳ್ಳಾರಿ ಇರುವುದು ಸುಮಾರು 485 ಮೀಟರ್ ಎತ್ತರದಲ್ಲಿ. 42 ಡಿಗ್ರಿ ಬಿಸಿಲಿಗೆ ಇಲ್ಲಿನ ಗಾಳಿ ಸುಮಾರು 1500–1600 ಮೀಟರ್ ಎತ್ತರದ ಊರಿನ ಗಾಳಿಯಷ್ಟು ತೆಳು. ಆದರೆ ಟರ್ಬೊ ಹಾಕಿದ ರೋಟರಿ ಒಂದೇ ಒಂದು ಸಲ ಲೀನ್ ಆಗಿ ನಾಕ್ ಹೊಡೆದರೆ ತುದಿಯ ಸೀಲ್ ಮುರಿಯುತ್ತದೆ, ಆ ಚೂರು ಹೊರಗೆ ಹೋಗುತ್ತಾ ಟರ್ಬೊ ಚಕ್ರವನ್ನೂ ತಿನ್ನುತ್ತದೆ. ಟರ್ಬೊ ಇಲ್ಲದೆಯೇ ಪಂಪು, ವೋಲ್ಟೇಜು, ಸೆನ್ಸರ್ ಜಾಗ ಇವು ಮೂರೂ ಸರಿ ಇರುವ ಒಂದು ಸ್ಟ್ಯಾಂಡ್‌ನ ಫೋಟೊ ಕಳಿಸಿ. ಆಮೇಲೆ ಮಾತಾಡೋಣ. ಅಲ್ಲಿಯವರೆಗೆ ಬೆಳಿಗ್ಗೆ ಆರಕ್ಕೆ ಓಡಿಸಿ, ಗಾಳಿ ಪುಕ್ಕಟೆ ದಪ್ಪ ಇರುತ್ತದೆ.